ಮಿಕ್ಕಿ ಹಡಗಿಗೆ ಆರು ಲಕ್ಷ ಕೊಡಬಹುದಾ?

ಪ್ರಶ್ನೆ: ಅಕ್ಕಾ, ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ ಅಡಿಕೆ ತೋಟದ ಮನೆ. ನಾನು, ಗಂಡ, ಏಳು ವರ್ಷದ ಮಗಳು, ಎರಡು ವರ್ಷ ತುಂಬಿದ ಮಗ, ಅರವತ್ತೆಂಟು ವರ್ಷದ ಅತ್ತೆ, ಒಟ್ಟು ಐದು ಜನ. ಮಗಳಿಗೆ ಡಿಸ್ನಿ ಕಾರ್ಟೂನಿನ ಮಿಕ್ಕಿ, ಎಲ್ಸಾ ಅಂದ್ರೆ ಪ್ರಾಣ. ಸಿಂಗಾಪುರದಿಂದ ಹೊರಡುವ ಡಿಸ್ನಿ ಹಡಗಿನ ವಿಡಿಯೊ ನೋಡಿದ ಮೇಲೆ ದಿನಾ ಅದೇ ಮಾತು. ಪೇಟೆಯ ಟ್ರಾವೆಲ್ಸ್‌ನಲ್ಲಿ ಕೇಳಿದೆವು. ಹಡಗಿನಲ್ಲಿ ಮೂರು ರಾತ್ರಿ, ಸಿಂಗಾಪುರದ ಹೋಟೆಲಿನಲ್ಲಿ ಎರಡು ರಾತ್ರಿ, ವಿಮಾನ, ವೀಸಾ ಎಲ್ಲ ಸೇರಿ ಐದು ಜನಕ್ಕೆ ಆರು ಲಕ್ಷದ ಹತ್ತಿರ ಹೇಳಿದ್ದಾರೆ. ಇಟ್ಟಿರುವ ಹಳೆ ಅಡಿಕೆ ಕೊಟ್ಟರೆ ದುಡ್ಡು ಹೊಂದುತ್ತದೆ. ಅತ್ತೆ ಮಾತ್ರ "ಕಡಲು ನೋಡ್ಲಿಕ್ಕೆ ಆರು ಲಕ್ಷ ಯಾಕೆ, ಕುಂಬಳೆಗೆ ಹೋದ್ರೆ ಸಾಲದಾ" ಅಂತಾರೆ. ಗಂಡನದ್ದೂ ಅರೆಮನಸ್ಸು. ಅಷ್ಟು ದುಡ್ಡು ಕೊಡುವಂಥದ್ದು ಅದರಲ್ಲಿ ಇದೆಯಾ?
- ಹೆಸರು ಬೇಡ, ಬದಿಯಡ್ಕ

ಉತ್ತರ: ತಂಗೀ, ನಿಮ್ಮ ಅತ್ತೆ ಕೇಳಿದ್ದೇ ಸರಿಯಾದ ಪ್ರಶ್ನೆ. ಅಲ್ಲಿಂದಲೇ ಶುರು ಮಾಡೋಣ.

ಆ ಆರು ಲಕ್ಷ ಕಡಲಿಗಲ್ಲ. ಡಿಸ್ನಿ ಅಡ್ವೆಂಚರ್ ಎನ್ನುವ ಆ ಹಡಗು ಸಿಂಗಾಪುರದಿಂದ ಹೊರಟು, ನಡುನೀರಿನಲ್ಲಿ ಸುತ್ತಾಡಿ, ಮತ್ತೆ ಸಿಂಗಾಪುರಕ್ಕೇ ಬರುತ್ತದೆ. ಮಧ್ಯೆ ಯಾವ ಬಂದರಿಗೂ ಹೋಗುವುದಿಲ್ಲ, ಯಾವ ದ್ವೀಪದಲ್ಲೂ ಇಳಿಸುವುದಿಲ್ಲ. ಇದೇ ಕಂಪನಿಯ ಅಮೆರಿಕದ ಕಡೆಯ ಹಡಗುಗಳು ಬಹಾಮಾಸ್‌ನಲ್ಲಿರುವ ಅವರದೇ ದ್ವೀಪಕ್ಕೆ ಹೋಗಿ ಒಂದಿಡೀ ದಿನ ಮರಳಿನಲ್ಲಿ ಆಡಲು ಬಿಡುತ್ತವೆ. ಯೂಟ್ಯೂಬಿನಲ್ಲಿ ಕಾಣುವ ತೆಂಗಿನ ಮರ, ಬಿಳಿ ಮರಳು ಹೆಚ್ಚಾಗಿ ಆ ಕಡೆಯದ್ದು. ಮಗಳಿಗೆ ಅದನ್ನು ತೋರಿಸಿ ಆಸೆ ಹುಟ್ಟಿಸಿದ್ದರೆ ಮೊದಲು ಅದನ್ನು ಸರಿಪಡಿಸಿ. ಸಿಂಗಾಪುರದ ಹಡಗಿನಲ್ಲಿ ನೀವು ದುಡ್ಡು ಕೊಡುವುದು ಹಡಗಿನ ಒಳಗೆ ಏನಿದೆಯೋ ಅದಕ್ಕೆ. ವೇಷ ಹಾಕಿದ ಮಿಕ್ಕಿ, ಎಲ್ಸಾ, ಹಾಡು ಕುಣಿತದ ಶೋ, ನೀರಿನ ಜಾರುಬಂಡಿ, ಮಕ್ಕಳ ಕ್ಲಬ್ಬು, ಮತ್ತೆ ದಿನಕ್ಕೊಂದು ಹೋಟೆಲಿನ ಹಾಗೆ ಬದಲಾಗುವ ಊಟದ ಹಾಲ್. ಈ ಊಟದ ಏರ್ಪಾಡು ನಿಜಕ್ಕೂ ಚೆನ್ನಾಗಿದೆ. ರಾತ್ರಿಗೊಂದು ಹಾಲ್‌ನಲ್ಲಿ ಊಟ, ಆದರೆ ಬಡಿಸುವವರು ನಿಮ್ಮ ಜೊತೆಗೇ ಬರುತ್ತಾರೆ. ಎರಡನೇ ದಿನಕ್ಕೆ ನಿಮ್ಮ ಮಗನಿಗೆ ಖಾರ ಬೇಡ ಅಂತ ಅವರಿಗೇ ಗೊತ್ತಿರುತ್ತದೆ. ಭಾರತದ ಊಟವೂ ಸಿಗುತ್ತದೆ, ಹಾಗಾಗಿ ಅತ್ತೆಗೆ ಬರೀ ಬ್ರೆಡ್ಡು ತಿಂದುಕೊಂಡು ಇರಬೇಕಾಗಿ ಬರುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಮೂರು ರಾತ್ರಿ ಅಂದರೆ ಕೇಳಲು ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಹತ್ತಿಸುತ್ತಾರೆ, ರೂಮು ಕೈಗೆ ಸಿಕ್ಕಿ ದಾರಿ ಗೊತ್ತಾಗುವಾಗ ಸಂಜೆ. ನಾಲ್ಕನೇ ದಿನ ಬೆಳಿಗ್ಗೆ ತಿಂಡಿ ತಿಂದು ಇಳಿಯಬೇಕು. ಹಡಗಿನಲ್ಲಿ ಪೂರ್ತಿಯಾಗಿ ಸಿಗುವುದು ಎರಡೇ ದಿನ. ನಾಲ್ಕು ರಾತ್ರಿಯದ್ದಾದರೆ ಮೂರು ದಿನ ಸಿಗುತ್ತದೆ. ಮೂರು ರಾತ್ರಿಯದ್ದಾಗಲಿ ನಾಲ್ಕು ರಾತ್ರಿಯದ್ದಾಗಲಿ, ವಿಮಾನ, ವೀಸಾದ ಖರ್ಚು ಒಂದೇ. ಆದ್ದರಿಂದ ಹೋಗುವುದೇ ಆದರೆ ನಾಲ್ಕು ರಾತ್ರಿಯದ್ದಕ್ಕೂ ಒಂದು ರೇಟು ಬರೆಸಿಕೊಳ್ಳಿ, ಎರಡನ್ನೂ ಪಕ್ಕಪಕ್ಕ ಇಟ್ಟು ಒಂದು ದಿನಕ್ಕೆ ಎಷ್ಟು ಬೀಳುತ್ತದೆ ನೋಡಿ.

ಆಮೇಲೆ ನಿಮ್ಮ ಐದು ಜನದ ವಿಷಯ. ಹಡಗಿನ ಹೆಚ್ಚಿನ ರೂಮುಗಳು ನಾಲ್ಕು ಜನಕ್ಕೆ ಅಂತ ಮಾಡಿದ್ದು, ಸೋಫಾ ಬಿಡಿಸಿದರೆ ಒಂದು ಹಾಸಿಗೆ, ಮೇಲಿನಿಂದ ಇಳಿಸಿದರೆ ಇನ್ನೊಂದು. ಐದನೆಯವರು ಬಂದ ಕೂಡಲೇ ಎರಡು ರೂಮಿನ ಮಾತು ಬರುತ್ತದೆ. ರೂಮಿನಲ್ಲಿ ಮೊದಲ ಇಬ್ಬರಿಗೆ ಪೂರ್ತಿ ರೇಟು, ಮೂರನೆಯವರಿಗೆ ನಾಲ್ಕನೆಯವರಿಗೆ ಕಡಿಮೆ, ಇದು ಹೆಚ್ಚಿನ ಕ್ರೂಸ್ ಹಡಗುಗಳ ಲೆಕ್ಕ. ಎರಡು ರೂಮಾದರೆ ಪೂರ್ತಿ ರೇಟಿನವರು ನಾಲ್ಕು ಜನ ಆಗುತ್ತಾರೆ. ನಿಮ್ಮ ಆರು ಲಕ್ಷದಲ್ಲಿ ಎಷ್ಟು ರೂಮು, ಕಿಟಕಿ ಇದೆಯಾ ಇಲ್ಲವಾ, ಬಾಲ್ಕನಿ ಇದೆಯಾ ಅಂತ ಟ್ರಾವೆಲ್ಸಿನವರ ಹತ್ತಿರ ಕಾಗದದಲ್ಲಿ ಬರೆಸಿಕೊಳ್ಳಿ. ಬಾಯಲ್ಲಿ ಹೇಳಿದ್ದು ಸಾಲದು.

ಆ ಆರು ಲಕ್ಷದ ಹೊರಗೆ ಏನೇನು ಬರುತ್ತದೆ? ರೂಮು ಮತ್ತು ಊಟ ನೋಡಿಕೊಳ್ಳುವವರ ಟಿಪ್ಸ್ ತಲೆಗಿಷ್ಟು ದಿನಕ್ಕಿಷ್ಟು ಅಂತ ತಾನಾಗಿಯೇ ಬಿಲ್ಲಿಗೆ ಸೇರುತ್ತದೆ, ಮಗುವಿನ ತಲೆಯೂ ಅದರಲ್ಲಿ ಲೆಕ್ಕ. ವೈಫೈಗೆ ಬೇರೆ. ಅವರು ತೆಗೆದ ಫೋಟೊ ಬೇಕಾದರೆ ಬೇರೆ. ಹೆಣ್ಣುಮಕ್ಕಳಿಗೆ ರಾಜಕುಮಾರಿಯ ಹಾಗೆ ಕೂದಲು ಕಟ್ಟಿ ಅಲಂಕಾರ ಮಾಡುವ ಪಾರ್ಲರ್ ಇದೆ, ನಿಮ್ಮ ಮಗಳು ಅದರ ಮುಂದೆಯೇ ನಿಂತುಬಿಡುತ್ತಾಳೆ ಅಂತ ಈಗಲೇ ಹೇಳಿಬಿಡುತ್ತೇನೆ, ಅದಕ್ಕೂ ಬೇರೆ. ಗೊಂಬೆ, ಟೀಶರ್ಟಿನ ಅಂಗಡಿಗಳಂತೂ ಹೋಗುವ ಬರುವ ದಾರಿಯಲ್ಲೇ ಇರುತ್ತವೆ. ಇಲ್ಲಿನ ಏಜೆಂಟರ ಹತ್ತಿರ ವಿದೇಶದ ಪ್ಯಾಕೇಜ್ ಕೊಂಡಾಗ ಟಿಸಿಎಸ್ ಅಂತ ಒಂದಷ್ಟು ತೆರಿಗೆ ಹಿಡಿಯುತ್ತಾರೆ. ಅದು ಆಮೇಲೆ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ, ಆದರೆ ಹೊರಡುವಾಗ ಕೈಯಿಂದ ಹೋಗುವುದು ಹೋಗುತ್ತದೆ. ಆರರಲ್ಲಿ ಅದು ಸೇರಿದೆಯಾ ಕೇಳಿ.

ಇಷ್ಟಾದರೂ ನಾನು ಬೇಡ ಅನ್ನುತ್ತಿಲ್ಲ. ಮಗಳೊಬ್ಬಳನ್ನೇ ನೋಡಿದರೆ ಏಳು ವರ್ಷ ಅದಕ್ಕೆ ಹೇಳಿ ಮಾಡಿಸಿದ ವಯಸ್ಸು. ಎಲ್ಸಾ ಎದುರಿಗೆ ಬಂದು ಹೆಸರು ಹಿಡಿದು ಮಾತಾಡಿಸಿದರೆ ಅವಳು ನಿಜವಾದ ಎಲ್ಸಾ ಅಂತಲೇ ನಂಬುವ ವಯಸ್ಸು ಅದು. ಹನ್ನೆರಡಾದ ಮೇಲೆ ಅದೇ ಮಗು ಮುಖ ತಿರುಗಿಸುತ್ತದೆ. ಆ ನಂಬಿಕೆಗೆ ದುಡ್ಡು ಕೊಡುವುದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಮನೆಯಲ್ಲಿ ದುಡ್ಡು ಇದ್ದರೆ, ಸಾಲ ಇಲ್ಲದಿದ್ದರೆ, ಕೊಡಿ.

ಕಷ್ಟ ಇರುವುದು ಮಗನ ವಯಸ್ಸಿನಲ್ಲಿ. ಆ ಹಡಗುಗಳ ಮಕ್ಕಳ ಕ್ಲಬ್ಬಿಗೆ ಮೂರು ವರ್ಷ ತುಂಬಿರಬೇಕು, ಡಯಾಪರ್ ಬಿಟ್ಟಿರಬೇಕು. ಡಯಾಪರ್‌ನಲ್ಲಿರುವ ಮಕ್ಕಳನ್ನು ಈಜುಕೊಳಕ್ಕೂ ಇಳಿಸುವುದಿಲ್ಲ. ತೀರಾ ಚಿಕ್ಕವರಿಗೆ ನರ್ಸರಿ ಇರುತ್ತದೆ, ಆದರೆ ಅದು ಗಂಟೆ ಲೆಕ್ಕದ ದುಡ್ಡು. ಇದರ ಅರ್ಥ ಏನು ಅಂದರೆ, ಮಗಳು ಜಾರುಬಂಡಿಯ ಸಾಲಿನಲ್ಲಿ ನಿಂತಾಗ ನೀವೋ ನಿಮ್ಮ ಗಂಡನೋ ಅತ್ತೆಯೋ, ಯಾರಾದರೊಬ್ಬರು ಮಗನನ್ನು ಎತ್ತಿಕೊಂಡು ಹೊರಗೆ ನಿಂತಿರಬೇಕು. ಮಧ್ಯಾಹ್ನ ಅವನು ಮಲಗುವ ಹೊತ್ತಿಗೆ ಒಬ್ಬರು ರೂಮಿನಲ್ಲಿ ಕೂತಿರಬೇಕು. ಆ ಒಬ್ಬರು ಯಾರಾಗಿರುತ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಒಂದೋ ನೀವು, ಇಲ್ಲಾ ಅತ್ತೆ.

ನನ್ನ ಸ್ವಂತ ಅನುಭವ ಹೇಳುತ್ತೇನೆ. ಎರಡು ವರ್ಷದ ಹಿಂದೆ ಅಮ್ಮನನ್ನೂ ಆರು ವರ್ಷದ ಮಗನನ್ನೂ ಕರೆದುಕೊಂಡು ಮುಂಬೈಯಿಂದ ಗೋವಾದ ಕಡೆ ಹೋಗುವ ಹಡಗು ಹತ್ತಿದ್ದೆವು. ಅದರಲ್ಲಿ ಮಿಕ್ಕಿಯೂ ಇಲ್ಲ, ಎಲ್ಸಾಳೂ ಇಲ್ಲ. ಅಮ್ಮ ಮನೆಯಿಂದ ಹಲಸಿನ ಹಪ್ಪಳ, ಚಕ್ಕುಲಿ, ಮಿಡಿ ಉಪ್ಪಿನಕಾಯಿ ಕಟ್ಟಿಕೊಂಡು ಬಂದಿದ್ದರು. ಮನೆಯಲ್ಲಿ ಮಾಡಿದ ತಿಂಡಿ ಹಡಗಿನೊಳಗೆ ಬಿಡುವುದಿಲ್ಲ, ಬಂದರಿನ ಚೆಕಿಂಗಿನಲ್ಲೇ ತೆಗೆದಿಟ್ಟರು. ಉಪ್ಪಿನಕಾಯಿ ಹೋದದ್ದಕ್ಕೆ ಅಮ್ಮನಿಗೆ ತುಂಬ ಬೇಜಾರಾಯಿತು. ಡಿಸ್ನಿಯವರ ಹಡಗಿನಲ್ಲೂ ಇದೇ ನಿಯಮ, ಸೀಲ್ ಮಾಡಿದ ಪ್ಯಾಕೆಟ್ಟಿನ ತಿಂಡಿ ಮಾತ್ರ ಒಳಗೆ. ಅತ್ತೆಗೆ ಮೊದಲೇ ಹೇಳಿ.

ರಾತ್ರಿ ಊಟ ಮುಗಿಸಿ ರೂಮಿಗೆ ಬಂದರೆ ಮಂಚದ ಮೇಲೆ ಒಂದು ಆನೆ. ಬಿಳಿ ಬೈರಾಸಿನಲ್ಲಿ, ಅಂದರೆ ಟವೆಲಿನಲ್ಲಿ, ಮಾಡಿದ ಆನೆ. ಒಂದು ಬೈರಾಸು ಸುತ್ತಿ ನಾಲ್ಕು ಕಾಲು, ಇನ್ನೊಂದು ಮಡಚಿ ತಲೆ, ಸೊಂಡಿಲು, ಎರಡು ಕಿವಿ. ನನ್ನ ಮಗನ ಕಪ್ಪು ಕನ್ನಡಕ ಮೇಜಿನ ಮೇಲಿತ್ತಲ್ಲ, ಅದನ್ನು ಆನೆಗೆ ಹಾಕಿದ್ದರು. ರೂಮು ಗುಡಿಸಿ ಒರೆಸಿ ಹೋಗುವ ಹುಡುಗ ಮಾಡಿಟ್ಟದ್ದು. ಕ್ರೂಸ್ ಹಡಗುಗಳಲ್ಲಿ ಇದೊಂದು ರೂಢಿ. ಅಮ್ಮ ಅದನ್ನು ಬಿಚ್ಚಲು ಬಿಡಲೇ ಇಲ್ಲ. ಕಿಟಕಿಯ ಹತ್ತಿರ ಇಟ್ಟರು. ಬೆಳಿಗ್ಗೆ ಮೈ ಒರೆಸಲಿಕ್ಕೆ ಊರಿಂದ ತಂದ ಹಳೆ ಬೈರಾಸೇ ಬಳಸಿದರು. ಮರುದಿನ ಆ ಹುಡುಗ ಬಂದಾಗ ಹೇಗೆ ಮಡಚುವುದು ಅಂತ ಅವನ ಹತ್ತಿರ ಕೂತು ಕಲಿತರು. ಈಗ ನಮ್ಮ ಮನೆಗೆ ಯಾರ ಮಕ್ಕಳು ಬಂದರೂ ಅಮ್ಮ ಒಂದು ಆನೆ ಮಾಡಿ ಕೊಡುತ್ತಾರೆ. ಆ ಹಡಗಿನ ಶೋ ಏನಿತ್ತು ಅಂತ ಕೇಳಿದರೆ ಮಗನಿಗೂ ನೆನಪಿಲ್ಲ, ಅಮ್ಮನಿಗೂ ನೆನಪಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ನಿಮ್ಮ ಮನೆಯಲ್ಲಿ ಹಡಗು ಬೇಕಾದವರು ಬೇರೆ, ಮಿಕ್ಕಿ ಬೇಕಾದವರು ಬೇರೆ. ಅತ್ತೆ ಕುಂಬಳೆ ಕಡಲು ಸಾಕು ಅನ್ನುತ್ತಿರುವುದು ದುಡ್ಡಿನ ಹೆದರಿಕೆಯಿಂದ. ನಡುಕಡಲಿನಲ್ಲಿ ನಿಂತು ದಡದ ಕಡೆ ನೋಡುವುದು ಹೇಗಿರುತ್ತದೆ ಅಂತ ಅವರಿಗೂ ಒಮ್ಮೆ ಗೊತ್ತಾಗಲಿ. ಆದರೆ ಅದಕ್ಕೆ ಸಿಂಗಾಪುರ ಬೇಡ.

ಹಾಗಾಗಿ ನನ್ನ ಸಲಹೆ ಇದು. ಸಿಂಗಾಪುರದ ಹಡಗನ್ನು ಎರಡು ವರ್ಷ ಮುಂದೆ ಹಾಕಿ. ಆಗ ಮಗನಿಗೆ ನಾಲ್ಕು, ಮಗಳಿಗೆ ಒಂಬತ್ತು. ಇಬ್ಬರೂ ಕ್ಲಬ್ಬಿಗೆ ಹೋಗಬಹುದು, ಇಬ್ಬರಿಗೂ ಮಿಕ್ಕಿ ಇನ್ನೂ ಮಿಕ್ಕಿಯೇ ಆಗಿರುತ್ತಾನೆ, ಗಂಡ ಹೆಂಡತಿ ಒಂದು ಗಂಟೆ ಒಟ್ಟಿಗೆ ಕೂತು ಕಾಫಿ ಕುಡಿಯಬಹುದು. ಅದಕ್ಕೆ ಮೊದಲು, ಈ ಮಳೆಗಾಲ ಕಳೆದ ಮೇಲೆ, ಅತ್ತೆಯನ್ನು ಕರೆದುಕೊಂಡು ಮುಂಬೈಯಿಂದ ಹೋಗುವ ಸಣ್ಣ ಟ್ರಿಪ್ಪು ಮಾಡಿ. ಕೊರ್ಡೇಲಿಯಾ ಎನ್ನುವ ಕಂಪನಿಯ ಎಂಪ್ರೆಸ್ ಹಡಗು ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆಗೆಲ್ಲ ಹೋಗುತ್ತದೆ. 1990ರ ಹಡಗು, ಹಾಗಾಗಿ ವಿಡಿಯೊದಲ್ಲಿ ನೋಡಿದ ಡಿಸ್ನಿಯ ಥಳುಕು ಅದರಲ್ಲಿ ಹುಡುಕಬೇಡಿ. ಊಟ ನಮ್ಮದೇ ರೀತಿಯದ್ದು, ಸಸ್ಯಾಹಾರದವರಿಗೆ ತೊಂದರೆ ಇಲ್ಲ. ದೇಶದೊಳಗಿನ ಪ್ರಯಾಣವಾದರೆ ವೀಸಾ ಬೇಡ. ಕಾಸರಗೋಡಿನಲ್ಲಿ ನೇತ್ರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಸೀದಾ ಮುಂಬೈ. ಮಗಳಿಗೂ ಹಡಗು ಅಂದರೆ ಏನು ಅಂತ ಒಂದು ಅಂದಾಜು ಸಿಗುತ್ತದೆ. ಎರಡು ರಾತ್ರಿಯಲ್ಲೇ ಬೋರಾಯಿತು, ತಲೆ ಸುತ್ತಿತು ಅಂದರೆ ಆರು ಲಕ್ಷ ಉಳಿಯಿತು.

ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಎಂ.ವಿ. ಕವರತ್ತಿ ಎನ್ನುವ ಹಡಗಿನಲ್ಲಿ ಹೋಗುವ ಸರ್ಕಾರಿ ಪ್ಯಾಕೇಜನ್ನೂ ಕೆಲವರು ಹೇಳಿಯಾರು. ರಾತ್ರಿ ಹಡಗಿನಲ್ಲಿ, ಹಗಲು ದ್ವೀಪದಲ್ಲಿ, ನೀರು ಕನ್ನಡಿಯ ಹಾಗೆ. ಆದರೆ ಹಡಗು ದ್ವೀಪದಿಂದ ಹೊರಗೇ ನಿಲ್ಲುತ್ತದೆ, ಅಲೆಯ ಮೇಲೆ ಹೊಯ್ದಾಡುವ ಸಣ್ಣ ಬೋಟಿಗೆ ಇಳಿಯಬೇಕು. ಅರವತ್ತೆಂಟರ ಅತ್ತೆ, ಕಂಕುಳಲ್ಲಿ ಎರಡು ವರ್ಷದ ಮಗು, ನಿಮಗೆ ಸದ್ಯಕ್ಕೆ ಅದು ಬೇಡ. ಪರ್ಮಿಟ್ಟೂ ಮೊದಲೇ ಮಾಡಿಸಬೇಕು.

ಇಷ್ಟೆಲ್ಲ ಕೇಳಿದ ಮೇಲೂ ಈ ವರ್ಷವೇ ಸಿಂಗಾಪುರ ಅಂತಾದರೆ ಎರಡು ಮಾತು. ಒಂದು, ರಜೆಯ ವಿಷಯ. ಸಿಂಗಾಪುರದ ಶಾಲೆಗಳಿಗೆ ಜೂನ್‌ನಲ್ಲೂ ನವೆಂಬರ್ ಡಿಸೆಂಬರ್‌ನಲ್ಲೂ ದೊಡ್ಡ ರಜೆ, ಆಗ ಹಡಗಿನ ರೇಟು ಏರುತ್ತದೆ. ನಮ್ಮ ಕಾಸರಗೋಡಿನ ಮಕ್ಕಳಿಗೆ ಕೇರಳದ ಲೆಕ್ಕದಲ್ಲಿ ಓಣಂ ರಜೆ ಇದೆಯಲ್ಲ, ಅದು ಒಳ್ಳೆಯ ಸಮಯ. ಬೆಂಗಳೂರಿನವರಿಗೆ ಆ ರಜೆ ಇಲ್ಲ. ನಮ್ಮ ಅರಬ್ಬಿ ಕಡಲು ಆಗ ಕೆರಳಿಯೇ ಇರುತ್ತದೆ, ಆದರೆ ಸಿಂಗಾಪುರದ ಸುತ್ತಿನ ನೀರು ಅಷ್ಟು ಕುಣಿಯುವುದಿಲ್ಲ. ಎರಡನೆಯದು ವಿಮಾನದ ಟಿಕೆಟು. ಈ ಹಡಗಿನ ಮೊದಲ ಪ್ರಯಾಣ 2025ರ ಡಿಸೆಂಬರ್ ಅಂತ ಹೇಳಿ, ಆಮೇಲೆ 2026ರ ಮಾರ್ಚ್‌ಗೆ ಹಾಕಿದರು. ಆಗ ಅಗ್ಗಕ್ಕೆ ಸಿಕ್ಕಿತು ಅಂತ ವಾಪಸ್ ಬಾರದ ಟಿಕೆಟ್ ಮಾಡಿಟ್ಟವರ ಕಥೆ ಏನಾಗಿರಬಹುದು ಯೋಚಿಸಿ. ಸ್ವಲ್ಪ ಜಾಸ್ತಿಯಾದರೂ ದಿನ ಬದಲಿಸಲು ಬರುವ ಟಿಕೆಟೇ ತೆಗೆಯಿರಿ. ಇಳಿದ ದಿನವೇ ಹಡಗು ಹತ್ತುವ ಸಾಹಸ ಬೇಡ, ಹಿಂದಿನ ದಿನವೇ ಸಿಂಗಾಪುರ ಮುಟ್ಟಿರಿ.

ಮತ್ತೆ ಹಳೆ ಅಡಿಕೆ. ಅದನ್ನು ರೇಟು ಬಂದಾಗ ಕೊಡಿ. ಹಡಗಿನ ತಾರೀಕು ನೋಡಿ ಕೊಡಬೇಡಿ.

ಪ್ರಶ್ನೆ: ಮಗಳಿಗೆ ಡಿಸ್ನಿಯ ಪಾತ್ರಗಳನ್ನು ತೋರಿಸಬೇಕು, ಹಡಗು ಆಗಲೇಬೇಕು ಅಂತಿಲ್ಲ. ಬೇರೆ ದಾರಿ ಇದೆಯಾ ಅಕ್ಕ?
- ಮುಳ್ಳೇರಿಯದ ಓದುಗರು

ಉತ್ತರ: ಇದೆ. ಹಾಂಕಾಂಗ್‌ನಲ್ಲಿ ಡಿಸ್ನಿಲ್ಯಾಂಡ್ ಪಾರ್ಕ್ ಇದೆ, 2005ರಲ್ಲಿ ಶುರುವಾದದ್ದು. ಡಿಸ್ನಿಯ ಬೇರೆ ಪಾರ್ಕುಗಳಿಗೆ ಹೋಲಿಸಿದರೆ ಸಣ್ಣದು, ಮಕ್ಕಳ ಕಾಲಿಗೆ ಅದೇ ಒಳ್ಳೆಯದು. ದಿನದ ಟಿಕೆಟು ತೆಗೆದು ಒಳಗೆ ಹೋದರೆ ಮಿಕ್ಕಿ, ಎಲ್ಸಾ, ಮೆರವಣಿಗೆ ಎಲ್ಲ ಸಿಗುತ್ತದೆ. ಉಳಿಯುವುದು ನಿಮಗೆ ಹೊಂದುವ ಹೋಟೆಲಿನಲ್ಲಿ, ಊಟ ನಿಮಗೆ ಹಿಡಿಸಿದ ಕಡೆ. ಹಡಗಿನಲ್ಲಿ ಈ ಆಯ್ಕೆ ಇಲ್ಲ, ಎಲ್ಲವನ್ನೂ ಒಟ್ಟಿಗೆ ಕೊಳ್ಳಬೇಕು. ಆದರೆ ಪಾರ್ಕಿನಲ್ಲಿ ದಿನವಿಡೀ ನಡೆಯಬೇಕು, ಬಿಸಿಲಿನಲ್ಲಿ ಸಾಲು ನಿಲ್ಲಬೇಕು, ಸಂಜೆ ಸುಸ್ತಾದ ಮಗುವನ್ನು ಎತ್ತಿಕೊಂಡು ಹೋಟೆಲು ತನಕ ಬರಬೇಕು. ಹಡಗಿನಲ್ಲಿ ಲಿಫ್ಟ್ ಹತ್ತಿದರೆ ಮಂಚ. ಅಜ್ಜ ಅಜ್ಜಿ ಜೊತೆಗಿದ್ದರೆ ಹಡಗಿನ ಬೆಲೆಗೆ ಅರ್ಥ ಇದೆ. ಅಪ್ಪ, ಅಮ್ಮ, ಮಗು ಮೂರೇ ಜನ ಅಂದರೆ ಪಾರ್ಕ್ ಸಾಕು ಅಂತ ನಾನು ಹೇಳುತ್ತೇನೆ.

ಪ್ರಶ್ನೆ: ನನಗೆ ಕಾಸರಗೋಡಿನಿಂದ ಮಡಿಕೇರಿಗೆ ಬಸ್ಸಿನಲ್ಲಿ ಹೋದರೂ ವಾಂತಿ. ಮಗ ಸೊಸೆ ಹಡಗಿಗೆ ಕರೆಯುತ್ತಿದ್ದಾರೆ. ಹೋಗಬಹುದಾ?
- ನಿವೃತ್ತ ಟೀಚರ್, ಮಂಜೇಶ್ವರ

ಉತ್ತರ: ಹೋಗಬಹುದು ಟೀಚರೇ. ಘಾಟಿಯ ತಿರುವು ಬೇರೆ, ಹಡಗಿನ ಅಲುಗಾಟ ಬೇರೆ. ದೊಡ್ಡ ಹಡಗುಗಳಲ್ಲಿ ಹೊಯ್ದಾಟ ಕಡಿಮೆ ಮಾಡಲು ನೀರಿನೊಳಗೆ ಎರಡೂ ಪಕ್ಕ ರೆಕ್ಕೆಯ ಹಾಗೆ ಚಾಚುವ ಸ್ಟೆಬಿಲೈಸರ್ ಇರುತ್ತದೆ. ಆದರೂ ಗಾಳಿ ಜೋರಾದರೆ ಗೊತ್ತಾಗಿಯೇ ಆಗುತ್ತದೆ. ರೂಮು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೇಳಿ. ತೊಟ್ಟಿಲಿನ ಹಾಗೆ, ತುದಿಯಲ್ಲಿ ತೂಗಾಟ ಜಾಸ್ತಿ. ಮೇಲಿನ ಬಾಲ್ಕನಿ ರೂಮು ದುಬಾರಿ, ನಿಮಗೆ ಒಳ್ಳೆಯದು ಅಗ್ಗದ ರೂಮೇ. ತಲೆ ಸುತ್ತಿದರೆ ಮಲಗಿ ಮೊಬೈಲು ನೋಡಬೇಡಿ. ಹೊರಗೆ ಬಂದು ಕಡಲು ಮುಗಿಯುವ ಗೆರೆಯನ್ನೇ ನೋಡುತ್ತಾ ಕೂತುಕೊಳ್ಳಿ. ಮಾತ್ರೆ ವಾಂತಿ ಶುರುವಾದ ಮೇಲೆ ತೆಗೆದುಕೊಂಡರೆ ಪ್ರಯೋಜನ ಕಡಿಮೆ, ಮೊದಲೇ ತೆಗೆದುಕೊಳ್ಳಬೇಕು. ಬಿಪಿ, ಶುಗರಿನ ಮಾತ್ರೆ ತಿನ್ನುವವರಾದರೆ ಯಾವುದು ಆಗಬಹುದು ಅಂತ ನಿಮ್ಮ ಡಾಕ್ಟರ ಹತ್ತಿರ ಕೇಳಿಕೊಂಡೇ ಹೊರಡಿ. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಆದರೆ ಫೀಸು ಜೋರು. ಪ್ರಯಾಣದ ಇನ್ಶೂರೆನ್ಸ್ ಮಾಡಿಸುವಾಗ ಹಡಗಿನ ಮೇಲಿನ ಚಿಕಿತ್ಸೆಯೂ ಅದರಲ್ಲಿ ಸೇರುತ್ತದಾ ಅಂತ ಸೊಸೆಗೆ ಓದಿ ನೋಡಲು ಹೇಳಿ.

ಪ್ರಶ್ನೆ: ಕಂತಿನಲ್ಲಿ ಕಟ್ಟಿ ಹೋಗಬಹುದು ಅಂತ ಜಾಹೀರಾತು ಬರುತ್ತಿದೆ. ಹೋಗಲಾ?
- ಉಪ್ಪಳದಿಂದ

ಉತ್ತರ: ಬೇಡ. ಮೂರು ರಾತ್ರಿಯ ಹಡಗಿಗೆ ಮೂವತ್ತು ತಿಂಗಳು ಕಂತು ಕಟ್ಟುವಾಗ ಮನೆಯಲ್ಲಿ ಜ್ವರ, ಶಾಲೆ ಫೀಸು, ಮದುವೆ ಎಲ್ಲ ನಡುವೆ ಬರುತ್ತದೆ. ಅದೇ ಕಂತನ್ನು ಈಗಿಂದ ನಿಮ್ಮ ಬ್ಯಾಂಕಿನಲ್ಲಿ ಆರ್‌ಡಿಗೆ ಹಾಕಿ. ಅಷ್ಟರವರೆಗೆ ಮಕ್ಕಳನ್ನು ನೀಲೇಶ್ವರದ ಕೋಟ್ಟಪ್ಪುರಕ್ಕೆ ಕರೆದುಕೊಂಡು ಹೋಗಿ, ವಲಿಯಪರಂಬದ ಹಿನ್ನೀರಿನಲ್ಲಿ ಹೌಸ್‌ಬೋಟು ಹತ್ತಿಸಿ. ಮಿಕ್ಕಿ ಇಲ್ಲ, ಆದರೆ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು, ಮೀನು ಊಟ ಬೋಟಿನಲ್ಲೇ ಸಿಗುತ್ತದೆ.

ಪ್ರಶ್ನೆ: ಹಡಗಿಗೆ ಹೊರಡುವ ಮೊದಲು ಎಲ್ಲರೂ ಮರೆಯುವ ವಿಷಯ ಯಾವುದು?
- ಕುಂಬಳೆಯ ಓದುಗರು

ಉತ್ತರ: ಮಕ್ಕಳ ಪಾಸ್‌ಪೋರ್ಟು. ದೊಡ್ಡವರದ್ದು ಹತ್ತು ವರ್ಷ ಬರುತ್ತದೆ, ಮಕ್ಕಳದ್ದು ಐದೇ ವರ್ಷ. ಮಗು ಹುಟ್ಟಿದಾಗ ಮಾಡಿಸಿದ್ದು ಈಗಲೂ ಇದೆ ಅಂತ ಕಪಾಟಿನಲ್ಲಿಟ್ಟು, ಹೊರಡುವ ತಿಂಗಳು ತೆಗೆದು ನೋಡುತ್ತಾರೆ. ಪ್ರಯಾಣದ ದಿನದಿಂದ ಮುಂದಕ್ಕೆ ಆರು ತಿಂಗಳಾದರೂ ಬಾಕಿ ಇರಬೇಕು. ಹಡಗಿನ ಮುಂಗಡ ಕಟ್ಟುವ ಮೊದಲು ಮನೆಯವರೆಲ್ಲರ ಪಾಸ್‌ಪೋರ್ಟ್ ಮೇಜಿನ ಮೇಲೆ ಇಟ್ಟು ತಾರೀಕು ನೋಡಿ. ಹೊರಡುವ ದಿನ ಹತ್ತಿರ ಬಂದಷ್ಟೂ ರದ್ದು ಮಾಡಿದರೆ ವಾಪಸ್ ಬರುವ ಹಣ ಕಡಿಮೆಯಾಗುತ್ತಾ ಹೋಗುತ್ತದೆ.

ಇನ್ನೊಂದು ಮೊಬೈಲು. ಹಡಗು ದಡ ಬಿಟ್ಟ ಕೂಡಲೇ ಏರೋಪ್ಲೇನ್ ಮೋಡಿಗೆ ಹಾಕಿಬಿಡಿ. ನಡುಕಡಲಿನಲ್ಲಿ ಹಡಗಿನದೇ ನೆಟ್‌ವರ್ಕ್ ಇರುತ್ತದೆ, ಫೋನು ತಾನಾಗಿ ಅದನ್ನು ಹಿಡಿದುಕೊಳ್ಳುತ್ತದೆ. ನನ್ನ ಗಂಡನ ಫೋನಿನಲ್ಲಿ ಹಾಗೇ ಆಯಿತು, ಒಂದು ಕರೆಯೂ ಮಾಡದೆ ಬರೀ ವಾಟ್ಸಾಪಿನ ಗುಡ್ ಮಾರ್ನಿಂಗ್ ಫೋಟೊಗಳು ಬಂದು ಬಿದ್ದದ್ದಕ್ಕೆ ಆ ತಿಂಗಳು ಬಂದ ಬಿಲ್ಲಿನಲ್ಲಿ ಮನೆಯವರೆಲ್ಲರ ರೈಲು ಟಿಕೆಟ್ ತೆಗೆಯಬಹುದಿತ್ತು.